ಹೊಳಿ ಎಷ್ಟು ಏರಿದೆ ಅಂತ ಕೇಳುವ ಮೊದಲು

ಮಳೆಗಾಲದಲ್ಲಿ ಚಿಕ್ಕೋಡಿ ಕಡೆ ಯಾವ ಚಹಾ ಅಂಗಡಿಗೆ ಹೋದರೂ ಮಾತು ಒಂದೇ. 'ಕಲ್ಲೋಳದಾಗ ಎಷ್ಟ್ ಐತ್ರಿ?' ಕಲ್ಲೋಳ ಅಂದರೆ ಕೃಷ್ಣೆಗೆ ಬ್ಯಾರೇಜು ಕಟ್ಟಿರುವ ಊರು. ಒಬ್ಬರು ಮೊಬೈಲ್ ನೋಡಿ ಇಷ್ಟು ಸಾವಿರ ಕ್ಯೂಸೆಕ್ಸ್ ಅನ್ನುತ್ತಾರೆ, ಪಕ್ಕದವರು ಬೇರೆಯೇ ಅಂಕಿ ಹೇಳುತ್ತಾರೆ. ಇಬ್ಬರದೂ ಸರಿ ಇರಬಹುದು. ಒಂದು ಇವತ್ತು ಬೆಳಿಗ್ಗೆಯದು, ಇನ್ನೊಂದು ನಿನ್ನೆ ಸಂಜೆಯದು, ಅಷ್ಟೇ.

ಕೃಷ್ಣೆಯ ಲೆಕ್ಕ ದೂರದಿಂದಲೇ ಶುರುವಾಗುತ್ತದೆ. ಕೊಯ್ನಾ ನೀರು ಕರಾಡದಲ್ಲಿ ಕೃಷ್ಣೆಗೆ ಸೇರಿ, ಸಾಂಗ್ಲಿ ದಾಟಿ ಬೆಳಗಾವಿ ಜಿಲ್ಲೆಗೆ ಬರುತ್ತದೆ. ಮುಂದೆ ಹಿಪ್ಪರಗಿ ಬ್ಯಾರೇಜು, ಆಮೇಲೆ ಆಲಮಟ್ಟಿ. ಅಲ್ಲಿನ 26 ಗೇಟುಗಳಲ್ಲಿ ಯಾವುದನ್ನು ಎಷ್ಟು ಎತ್ತಬೇಕು ಅನ್ನುವುದು ಮೇಲಿನಿಂದ ಬರುವ ಅಂಕಿಗಳನ್ನು ನೋಡಿಯೇ ತೀರ್ಮಾನ ಆಗಬೇಕು.

ಮೊದಲು ಈ ಅಂಕಿ ತರುತ್ತಿದ್ದವನು ಮನುಷ್ಯ. ಸೇತುವೆಯ ಕಂಬಕ್ಕೆ ಮೀಟರ್ ಗುರುತು ಬಳಿದಿರುತ್ತಿತ್ತು. ಕೈಯಲ್ಲಿ ಕೊಡೆ, ಟಾರ್ಚ್. ನೋಡಿ ಬಂದು ರಿಜಿಸ್ಟರಿನಲ್ಲಿ ಬರೆಯುವುದು, ವೈರ್‌ಲೆಸ್‌ನಲ್ಲಿ ಕೂಗಿ ಹೇಳುವುದು. ಕೇಂದ್ರ ಜಲ ಆಯೋಗದ ಪ್ರವಾಹ ಮುನ್ಸೂಚನೆ ಶುರುವಾಗಿದ್ದು 1958ರಲ್ಲಿ, ದೆಹಲಿಯ ಯಮುನೆಯಿಂದ. ಮಹಾಪೂರದ ಹೊತ್ತಿನಲ್ಲಿ ತಾಸಿಗೊಮ್ಮೆ ಮಟ್ಟ ನೋಡುವುದು ರೂಢಿ. ಆದರೆ ನೀರು ಸರಸರ ಏರುವುದು ಕಂಡರೆ ಅನುಭವಸ್ಥ ತಾಸು ಆಗಲಿ ಅಂತ ಕಾಯುತ್ತಾ ಕೂರುವುದಿಲ್ಲ ಅಲ್ವಾ?

ಯಂತ್ರ ಬಂದಾಗ ಹೋಗಿದ್ದು ಈ ತಿಳಿವಳಿಕೆಯೇ. ಈಗ ಸೇತುವೆಯ ಅಂಚಿನಲ್ಲಿ ರಾಡಾರ್ ಸೆನ್ಸರ್ ನೀರಿನ ಕಡೆ ಮುಖ ಮಾಡಿ ಕೂತಿರುತ್ತದೆ. ಪಕ್ಕದಲ್ಲಿ ಸೋಲಾರ್ ಪ್ಯಾನೆಲ್, ಬ್ಯಾಟರಿ, ಇನ್ಸಾಟ್ ಉಪಗ್ರಹದ ಕಡೆ ತಿರುಗಿದ ಆಂಟೆನಾ. ತೊಂದರೆ ಏನೆಂದರೆ, ಒಂದೇ ತರಂಗದಲ್ಲಿ ಎರಡು ಕೇಂದ್ರ ಒಟ್ಟಿಗೆ ಮಾತಾಡಿದರೆ ಎರಡರ ಮಾತೂ ಕೆಡುತ್ತದೆ. ಅದಕ್ಕೆ ಮೊದಮೊದಲು ಮಾಡಿದ ಉಪಾಯ: ಪ್ರತಿ ಕೇಂದ್ರವೂ ಮನಬಂದ ಹೊತ್ತಿನಲ್ಲಿ ಅದೇ ಮಾಹಿತಿಯನ್ನು ಹಲವು ಸಲ ಕಳಿಸುವುದು, ಒಂದಾದರೂ ತಲುಪೀತು ಅಂತ. ಆಮೇಲೆ ಜಿಪಿಎಸ್ ಗಡಿಯಾರ ಹಚ್ಚಿ ಒಂದೊಂದಕ್ಕೂ ಪಾಳಿ ಕೊಟ್ಟರು. ಗಲಾಟೆ ನಿಂತಿತು. ಆದರೆ ಹೊಳಿ ಉಕ್ಕಿದರೂ ಯಂತ್ರ ತನ್ನ ಪಾಳಿ ಬರುವ ತನಕ ಸುಮ್ನೆ ಕೂರಬೇಕಾಯಿತು. ಅಮೆರಿಕದ ಗೋಸ್ ಉಪಗ್ರಹ ವ್ಯವಸ್ಥೆಯಲ್ಲಿ ಇದಕ್ಕೊಂದು ಹಾದಿ ಇದೆ. ಪಾಳಿಯ ಜೊತೆಗೆ ಪ್ರತ್ಯೇಕ ಚಾನೆಲ್. ಮಟ್ಟ ಮಿತಿ ಮೀರಿದರೆ ಅಲ್ಲಿ ಪಾಳಿ ಕೇಳದೆ ಕೂಗಬಹುದು.

ಸರಿ, ಎಲ್ಲರೂ ನಿಮಿಷಕ್ಕೊಮ್ಮೆ ಕಳಿಸಿದರೆ ಆಯ್ತಲ್ಲ? ಇಲ್ಲೇ ಲೆಕ್ಕ ತಿರುಗುವುದು. ಸಂಜಿತ್ ಕೌಲ್, ರಾಯ್ ಯೇಟ್ಸ್, ಮಾರ್ಕೊ ಗ್ರುಟೇಸರ್ ಎಂಬ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2011-12ರಲ್ಲಿ 'ಮಾಹಿತಿಯ ವಯಸ್ಸು' ಅಂತ ಒಂದು ಅಳತೆ ತಂದರು. ಅವರ ತಲೆಯಲ್ಲಿ ಇದ್ದದ್ದು ಹೊಳಿಯಲ್ಲ, ತಾವು ಎಲ್ಲಿದ್ದೇವೆ ಅಂತ ಪರಸ್ಪರ ಹೇಳಿಕೊಳ್ಳುವ ಕಾರುಗಳು. 6 ಗಂಟೆಗೆ ಅಳೆದದ್ದು 6.10ಕ್ಕೆ ತಲುಪಿದರೆ, ತಲುಪುವಾಗಲೇ ಅದರ ವಯಸ್ಸು 10 ನಿಮಿಷ. ಮುಂದಿನದು 7ಕ್ಕೆ ಅಳೆದು 7.10ಕ್ಕೆ ಬರುವಷ್ಟರಲ್ಲಿ ನಮ್ಮ ಕೈಲಿರುವ ಅಂಕಿಗೆ 70 ನಿಮಿಷ ಆಗಿರುತ್ತದೆ. ಸರಾಸರಿ 40.

ಹಾಗಂತ ಜಾಸ್ತಿ ಕಳಿಸಿದರೆ ಸಕ್ಕರೆ ಕಾರ್ಖಾನೆ ಮುಂದಿನ ಟ್ರ್ಯಾಕ್ಟರ್ ಸಾಲಿನ ಕತೆ ಆಗುತ್ತದೆ. ಕಬ್ಬು ಎಷ್ಟೇ ಬೇಗ ಕಡಿದು ತಂದರೂ ಸಾಲಿನಲ್ಲೇ ಒಣಗುತ್ತದೆ. ಒಂದು ಸರಳ ಸಾಲಿನ ಲೆಕ್ಕದಲ್ಲಿ, ಮಾಹಿತಿ ಸಾಗುವ ದಾರಿ ಸುಮಾರು ಶೇ 53ರಷ್ಟು ಹೊತ್ತು ಮಾತ್ರ ಕೆಲಸದಲ್ಲಿದ್ದಾಗ ಸರಾಸರಿ ವಯಸ್ಸು ಎಲ್ಲಕ್ಕಿಂತ ಕಡಿಮೆ ಅಂತ ಆ ಸಂಶೋಧಕರು ತೋರಿಸಿದರು. ಹೆಚ್ಚುಕಡಿಮೆ ಅರ್ಧ ಹೊತ್ತು ದಾರಿ ಖಾಲಿ! ಇನ್ನೊಂದು ಉಪಾಯ, ಸಾಲಿನಲ್ಲಿರುವ ಹಳೆ ರೀಡಿಂಗ್ ಬಿಟ್ಟು ಹೊಸದನ್ನೇ ಮೊದಲು ಕಳಿಸುವುದು. ಕಾರ್ಖಾನೆ ಮುಂದೆ ಹೀಗೆ ಮಾಡಿದರೆ ಜಗಳವೇ ಆದೀತು. ರೀಡಿಂಗುಗಳು ಜಗಳ ಆಡುವುದಿಲ್ಲ.

ನನಗೆ ಸರಿ ಅನ್ನಿಸುವುದು ಇದಕ್ಕೂ ಸರಳವಾದದ್ದು. ಬೇಸಿಗೆಯಲ್ಲಿ ನಿಂತ ನೀರನ್ನು ಪದೇಪದೇ ಅಳೆದು ಕಳಿಸಿ ಏನು ಬಂತು? ಏರುವಾಗ ಪದೇಪದೇ ಕಳಿಸಲಿ, ನಿಂತಾಗ ತೆಪ್ಪಗಿರಲಿ. ಕಳಿಸಿದ ಪ್ರತಿ ಸಲವೂ ಬ್ಯಾಟರಿ ಖರ್ಚು. ಹೊಳಿ ಏರುವ ಆಗಸ್ಟ್‌ನಲ್ಲೇ ವಾರಗಟ್ಟಲೆ ಬಿಸಿಲಿರುವುದಿಲ್ಲ. ಸೋಲಾರ್ ಪ್ಯಾನೆಲ್ಲಿಗೆ ಅದೇ ಕಷ್ಟದ ತಿಂಗಳು.

ಅದಕ್ಕೇ ಇರಬೇಕು, ಈ ಯಂತ್ರಗಳು ಬಂದ ಮೇಲೂ ಮಳೆಗಾಲದಲ್ಲಿ ಸೇತುವೆಗಳ ಮೇಲೆ ಟಾರ್ಚ್ ಹಿಡಿದವನು ಇನ್ನೂ ಕಾಣುತ್ತಾನೆ. ಕಂಬ ನೋಡಿ ಬಂದು ರಿಜಿಸ್ಟರ್ ತೆರೆಯುತ್ತಾನೆ. ಮೊದಲು ಹೊತ್ತು ಬರೆಯುತ್ತಾನೆ, ಆಮೇಲೆ ಮಟ್ಟ.