ಎಣ್ಣೆ ಒಣಗುವುದಿಲ್ಲ, ಹೆಪ್ಪುಗಟ್ಟುತ್ತದೆ

ಪೆನ್ಸಿಲ್ವೇನಿಯಾದಲ್ಲಿದ್ದಾಗ ನಾನು ಚೆರ್ರಿ ಮರದಲ್ಲಿ ಒಂದು ಪುಟ್ಟ ಮೇಜು ಮಾಡಿದೆ. ಉಪ್ಪು ಕಾಗದ ಉಜ್ಜಿ ಮುಗಿಸಿದ ದಿನ ಅದರ ಬಣ್ಣ ತಿಳಿ ಗುಲಾಬಿ. ಹಳೆಯ ಚೆರ್ರಿ ಪೀಠೋಪಕರಣಗಳ ಆ ಕೆಂಗಂದು ಬಣ್ಣ ಎಲ್ಲೂ ಇಲ್ಲ. ಹೊಸಬರು ಇಲ್ಲೇ ಆತುರಪಟ್ಟು ಸ್ಟೇನ್, ಅಂದರೆ ಮರದೊಳಗೆ ಇಳಿಯುವ ಬಣ್ಣದ ದ್ರವ, ಹಚ್ಚಿಬಿಡುತ್ತಾರೆ. ಚೆರ್ರಿ ಹಲಗೆ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಹೀರುತ್ತದೆ. ಹಾಗಾಗಿ ಮೇಲೆಲ್ಲ ಮೋಡದಂಥ ಕಲೆಗಳು ಏಳುತ್ತವೆ.

ಸ್ಟೇನ್ ಬೇಕಾಗಿಯೇ ಇಲ್ಲ. ಎಣ್ಣೆ ಹಚ್ಚಿದ ಮೇಜನ್ನು ಕಿಟಕಿಯ ಪಕ್ಕ ಇಟ್ಟು, ಮೇಲೊಂದು ಹೂದಾನಿ ಇಟ್ಟಿದ್ದೆ. ಎರಡು ವಾರ ಬಿಟ್ಟು ಎತ್ತಿದರೆ ಅದರಡಿ ಬೆಳ್ಳಗಿನ ಒಂದು ದುಂಡು ಗುರುತು, ಸುತ್ತಲೂ ಜೇನಿನ ಬಣ್ಣ. ಬೆಳಕು ಬಿದ್ದಲ್ಲಿ ಮರದೊಳಗಿನ ರಾಸಾಯನಿಕಗಳು ಬದಲಾಗಿ ಬಣ್ಣ ಗಾಢವಾಗುತ್ತದೆ. ಹೂದಾನಿ ತೆಗೆದಿಟ್ಟರೆ ಆ ದುಂಡು ಗುರುತೂ ನಿಧಾನವಾಗಿ ಉಳಿದದ್ದರ ಜೊತೆ ಸೇರಿಕೊಳ್ಳುತ್ತದೆ. ಚೆರ್ರಿಗೆ ಬಣ್ಣ ಕೊಡುವ ಕೆಲಸ ಬಿಸಿಲಿನದು, ನಮ್ಮದಲ್ಲ.

ಹಾಗಾದರೆ ಎಣ್ಣೆ ಯಾಕೆ? ‘ಮರಕ್ಕೆ ಎಣ್ಣೆ ಕುಡಿಸಬೇಕು, ಇಲ್ಲದಿದ್ದರೆ ಸೊರಗುತ್ತದೆ’ ಎನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ತಾಳ್ಮೆ ತಪ್ಪುತ್ತದೆ. ಹಲಗೆಯಾದ ಮರಕ್ಕೆ ಜೀವವಿಲ್ಲ, ಹಸಿವೂ ಇಲ್ಲ. ಒಳಗಿರುವುದು ಖಾಲಿ ಕೊಳವೆಗಳು ಅಷ್ಟೇ. ಎಣ್ಣೆ ಮೇಲ್ಪದರದ ಸಂದುಗಳನ್ನು ತುಂಬಿದಾಗ ಬೆಳಕು ಚೆದುರುವುದು ಕಡಿಮೆಯಾಗುತ್ತದೆ. ಅದಕ್ಕೇ ಮರ ಒಮ್ಮೆಲೇ ಗಾಢವಾಗಿ ಕಾಣುತ್ತದೆ, ಮಳೆಯಲ್ಲಿ ನೆನೆದ ಕಲ್ಲುಚಪ್ಪಡಿಯ ಹಾಗೆ.

ನಿಜವಾದ ಸೊಗಸು ಆಮೇಲೆ ನಡೆಯುತ್ತದೆ. ‘ಎಣ್ಣೆ ಒಣಗಿತು’ ಅನ್ನುತ್ತೇವಲ್ಲ, ಒದ್ದೆ ಬಟ್ಟೆಯಿಂದ ನೀರು ಹೋದಂತೆ ಅಗಸೆ ಎಣ್ಣೆಯಿಂದ ಏನೂ ಆರಿಹೋಗುವುದಿಲ್ಲ. ಅದು ಗಾಳಿಯಿಂದ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ತೂಕ ಜಾಸ್ತಿಯೇ ಆಗುತ್ತದೆ! ಹಾಲು ಮೊಸರಾಗುವುದನ್ನು ನೆನಪಿಸಿಕೊಳ್ಳಿ. ಪಾತ್ರೆಯಲ್ಲಿರುವುದು ಅದೇ ಹಾಲು, ಆದರೆ ಒಳಗೆ ಬಲೆ ಹೆಣೆದುಕೊಂಡಿದೆ. ಎಣ್ಣೆಯಲ್ಲೂ ಹಾಗೇ. ಜಾತ್ರೆಯಲ್ಲಿ ಬಿಡಿಬಿಡಿಯಾಗಿ ಓಡಾಡುವ ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ನಿಂತರೆ ಯಾರೂ ಸರಿದಾಡಲಾರರು ಅಲ್ವಾ? ಆ ಮಕ್ಕಳು ಎಣ್ಣೆಯ ಅಣುಗಳು. ಅವುಗಳಲ್ಲಿರುವ ಕೊಬ್ಬಿನಾಮ್ಲಗಳ ಜೋಡಿಬಂಧಗಳೇ, ಅಂದರೆ ಎರಡು ಇಂಗಾಲದ ಪರಮಾಣುಗಳ ನಡುವಿನ ಇಮ್ಮಡಿ ಕೊಂಡಿಗಳೇ, ಆ ಕೈಗಳು. ಅಗಸೆ ಎಣ್ಣೆಯಲ್ಲಿ ಹೆಚ್ಚಿಗೆ ಇರುವ ಲಿನೊಲೆನಿಕ್ ಆಮ್ಲಕ್ಕೆ ಇಂಥ ಬಂಧಗಳು ಮೂರು. ಕೊಬ್ಬರಿ ಎಣ್ಣೆಯಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಕೊಬ್ಬರಿ ಎಣ್ಣೆಯನ್ನು ಮೇಜಿಗೆ ಹಚ್ಚಿ ವರ್ಷ ಕಾದರೂ ಗಟ್ಟಿಯಾಗುವುದಿಲ್ಲ, ಧೂಳು ಮಾತ್ರ ಮೆತ್ತಿಕೊಳ್ಳುತ್ತದೆ. ಕಡಲೆಕಾಯಿ ಎಣ್ಣೆಯೂ ಮೇಜಿಗೆ ಆಗುವುದಿಲ್ಲ. ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆ ತಿನ್ನುವ ಚಟ್ನಿಪುಡಿಯ ಅಗಸಿ ಇದೆಯಲ್ಲ, ಅದೇ ಬೀಜದ ಎಣ್ಣೆ ಆಗುತ್ತದೆ.

ಅಂಗಡಿಯಲ್ಲಿ ‘ಕುದಿಸಿದ ಅಗಸೆ ಎಣ್ಣೆ’ ಅಂತ ಸಿಗುವುದನ್ನು ಬಹುತೇಕ ಕುದಿಸಿರುವುದೇ ಇಲ್ಲ. ಅದಕ್ಕೆ ಕೋಬಾಲ್ಟ್ ಅಥವಾ ಮ್ಯಾಂಗನೀಸ್ ಲವಣ ಬೆರೆಸಿರುತ್ತಾರೆ. ಅವು ಹೆಪ್ಪಿನ ಕೆಲಸ ಮಾಡುತ್ತವೆ. ವಾರಗಟ್ಟಲೆ ಹಿಡಿಯುವುದು ಒಂದೆರಡು ದಿನದಲ್ಲಿ ಮುಗಿಯುತ್ತದೆ. ಬಣ್ಣದ ಡಬ್ಬದ ಮೇಲೆ ಹೀಗೆ ಕಟ್ಟಿದ ಕೆನೆಯನ್ನು ನೋಡಿಯೇ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ನೆಲಕ್ಕೆ ಹಾಸುವ ಲಿನೋಲಿಯಂ ಮಾಡಲು ಹೊರಟ. 1863ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಎಷ್ಟೋ ಜನ ಕಿತ್ತು ಬಿಸಾಡಿದ ಕೆನೆ ಅದು.

ಆದರೆ ಬರೀ ಅಗಸೆ ಎಣ್ಣೆಯ ಪದರ ಮೆದು, ನೀರನ್ನೂ ಸರಿಯಾಗಿ ತಡೆಯುವುದಿಲ್ಲ. ಊಟದ ಮೇಜಿಗೆ ನನ್ನ ಆಯ್ಕೆ ಎಣ್ಣೆ ಮತ್ತು ವಾರ್ನಿಷ್ ಬೆರೆತದ್ದು, ತೆಳ್ಳಗೆ ಮೂರು ನಾಲ್ಕು ಸಲ. ಮಕ್ಕಳು ಲೋಟ ಚೆಲ್ಲುವ ಮನೆಯಾದರೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನಂಥ ಗಟ್ಟಿ ವಾರ್ನಿಷ್ ಇರಲಿ. ನೀರು ಬೆರೆಸಿದ ಪಾರದರ್ಶಕ ಲೇಪನಗಳಲ್ಲಿ ಚೆರ್ರಿ ಮೊದಮೊದಲು ಪೇಲವವಾಗಿ ಕಾಣುತ್ತದೆ, ಅವು ನನಗೆ ಹಿಡಿಸುವುದಿಲ್ಲ.

ಪುಸ್ತಕದ ಕಪಾಟಿಗೆ, ಪೆಟ್ಟಿಗೆಗೆ ಅರಗಿಗಿಂತ ಚೆನ್ನಾದದ್ದು ಇಲ್ಲ. ನಮ್ಮ ಬಡಗಿಗಳ ಸ್ಪಿರಿಟ್ ಪಾಲಿಶ್ ಅದೇ. ಅರಗನ್ನು ಮಾಡುವುದು ಮರದ ಕೊಂಬೆಗೆ ಅಂಟಿ ಬದುಕುವ ಒಂದು ಪುಟ್ಟ ಹುಳ. ಜಾರ್ಖಂಡಿನ ಕಾಡುಗಳಿಂದ ಅದು ಜಗತ್ತಿಗೆಲ್ಲ ಹೋಗುತ್ತದೆ. ಚನ್ನಪಟ್ಟಣದ ಗೊಂಬೆಗಳ ಹೊಳಪೂ ಅದರದ್ದೇ, ತಿರುಗುವ ಗೊಂಬೆಗೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಕರಗಿ ಹಿಡಿಯುತ್ತದೆ. ಹಳೆಯ ಗ್ರಾಮಫೋನ್ ತಟ್ಟೆಗಳಲ್ಲೂ ಅದೇ ಇತ್ತು. ಅರಗಿನ ಪಾಲಿಶ್ ಮಾತ್ರ ನಿಜವಾಗಿ ಒಣಗುತ್ತದೆ: ಸ್ಪಿರಿಟ್ ಆರಿಹೋಗುತ್ತದೆ, ಅರಗು ಉಳಿಯುತ್ತದೆ. ಕೈ ಕೈ ಹಿಡಿದ ಬಲೆ ಇಲ್ಲದ್ದರಿಂದ ಮತ್ತೆ ಸ್ಪಿರಿಟ್ ಬಿದ್ದರೆ ಕರಗುತ್ತದೆ, ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಮೂಡುತ್ತದೆ. ಆದರೆ ಗೀರು ಬಿದ್ದಲ್ಲಿ ಇನ್ನೊಂದು ಕೈ ಬಳಿದರೆ ಹಳೆಯದರಲ್ಲಿ ಬೆರೆತುಹೋಗುತ್ತದೆ. ಈ ಗುಣ ನನಗೆ ತುಂಬ ಇಷ್ಟ.

ಎಣ್ಣೆ ಹಚ್ಚಿದ ಬಟ್ಟೆಯ ವಿಷಯ ದಯವಿಟ್ಟು ಮರೆಯಬೇಡಿ. ಆಮ್ಲಜನಕ ಎಳೆದುಕೊಳ್ಳುವಾಗ ಎಣ್ಣೆ ಬಿಸಿಯಾಗುತ್ತದೆ. ಹಲಗೆಯ ಮೇಲೆ ಆ ಬಿಸಿ ಗಾಳಿಗೆ ಹೋಗುತ್ತದೆ, ಮುದ್ದೆಯಾದ ಬಟ್ಟೆಯಲ್ಲಿ ಒಳಗೇ ಕೂಡಿಕೊಂಡು ಬೆಂಕಿ ಹೊತ್ತುತ್ತದೆ. ಕಡ್ಡಿ ಗೀರಬೇಕಿಲ್ಲ. 1991ರ ಫೆಬ್ರುವರಿ 23ರಂದು ಫಿಲಡೆಲ್ಫಿಯಾದ 38 ಮಹಡಿಯ ಒನ್ ಮೆರಿಡಿಯನ್ ಪ್ಲಾಜಾ ಹೀಗೇ ಹೊತ್ತಿಕೊಂಡಿತು. 22ನೇ ಮಹಡಿಯಲ್ಲಿ ಬಿಟ್ಟುಹೋಗಿದ್ದ ಅಗಸೆ ಎಣ್ಣೆಯ ಬಟ್ಟೆಗಳೇ ಕಾರಣ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು.

ಕೆಲಸ ಮುಗಿದ ಕೂಡಲೇ ನಾನು ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಹೊರಗೆ ತಂತಿಯ ಮೇಲೆ ಹರವುತ್ತೇನೆ, ಒಂದರ ಮೇಲೊಂದು ಬೀಳದ ಹಾಗೆ. ಕೆಲವು ದಿನಕ್ಕೆ ಅವು ಹಪ್ಪಳದಂತೆ ಬಿರುಸಾಗುತ್ತವೆ.