ಇಳಿದ ದಾರಿಯನ್ನು ಮಳೆ ಬಿದ್ದ ಮೇಲೆ ಹತ್ತಬಲ್ಲಿರಾ?

ಮಾರ್ಚ್ ತಿಂಗಳಲ್ಲಿ ಕಾಫಿ ಗಿಡಗಳಲ್ಲಿ ಹೂವರಳಿಸುವ ಮೊದಲ ಹೂಮಳೆ ಬಿದ್ದ ರಾತ್ರಿ ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು ನೆಮ್ಮದಿಯಿಂದ ಮಲಗುತ್ತಾರೆ. ನಾನು ಮಾತ್ರ ಫೋನನ್ನು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗುತ್ತೇನೆ. ಮಲೆನಾಡಿನ ಕಚ್ಚಾ ದಾರಿಗಳಲ್ಲಿ ಸಿಕ್ಕಿಬಿದ್ದ ವಾಹನಗಳನ್ನು ಎಳೆದು ಹೊರತರುವುದು ಮತ್ತು ಫೋರ್ ವೀಲ್ ಡ್ರೈವ್ ಗಾಡಿ ಕೊಂಡವರಿಗೆ ಅದನ್ನು ಓಡಿಸುವ ಕ್ರಮ ಹೇಳಿಕೊಡುವುದು ಇಪ್ಪತ್ತು ವರ್ಷಗಳಿಂದ ನನ್ನ ಕಸುಬು. ಹೂಮಳೆಯ ಮರುದಿನ ಬೆಳಿಗ್ಗೆ ಬರುವ ಕರೆಗಳಲ್ಲಿ ಹೆಚ್ಚಿನವುಗಳ ಕಥೆ ಒಂದೇ. ಕರೆ ಮಾಡಿದವರು ಒಬ್ಬರೇ ಬಂದಿರುತ್ತಾರೆ, ಮಧ್ಯಾಹ್ನ ಹಳ್ಳದ ಕಡೆಗೆ ಸಲೀಸಾಗಿ ಇಳಿದು ಟೆಂಟ್ ಹಾಕಿರುತ್ತಾರೆ, ಸಂಜೆ ಮುಕ್ಕಾಲು ಗಂಟೆ ಮಳೆ ಸುರಿದಿರುತ್ತದೆ, ಈಗ ಸಿಗ್ನಲ್ ಸಿಗುವ ಗುಡ್ಡದವರೆಗೆ ನಡೆದು ಬಂದು, ಗಾಡಿ ಹತ್ತುತ್ತಿಲ್ಲವೆಂದು ಹೇಳುತ್ತಿರುತ್ತಾರೆ.

ಯಾವ ಸ್ಟೌ ತರಬೇಕು, ಎಷ್ಟು ನೀರು ಬೇಕು ಎಂಬುದನ್ನೆಲ್ಲ ನಾನಿಲ್ಲಿ ಬರೆಯುವುದಿಲ್ಲ. ಒಬ್ಬರೇ ಹೊರಡುವಷ್ಟು ಧೈರ್ಯವಿರುವವರಿಗೆ ಅಷ್ಟು ತಿಳಿದೇ ಇರುತ್ತದೆ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ತಂಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಗೂ, ಅಭಯಾರಣ್ಯದಲ್ಲಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೂ ವಿರುದ್ಧವೆಂಬುದನ್ನು ಒಂದು ಸಾಲಿನಲ್ಲಿ ಹೇಳಿ ಮುಂದುವರಿಯುತ್ತೇನೆ. ನಮ್ಮ ಕಡೆ ನ್ಯಾಯವಾಗಿ ಟೆಂಟ್ ಹಾಕಬಹುದಾದ ಜಾಗಗಳು ಬಹುತೇಕ ಖಾಸಗಿ ತೋಟಗಳೇ ಆಗಿರುವುದರಿಂದ ಮಾಲೀಕರ ಒಪ್ಪಿಗೆ ಮೊದಲು, ಗಾಡಿ ಆಮೇಲೆ.

ನನಗೆ ಹೇಳಬೇಕಾಗಿರುವುದು ಒಂದೇ ಒಂದು ವಿಷಯ. ಜೊತೆಗೆ ಇನ್ನೊಂದು ವಾಹನವಿಲ್ಲದೆ ಹೊರಟವರು ಯಾವ ಇಳಿಜಾರನ್ನು ಇಳಿಯುವ ಮುನ್ನವೂ, ಅದು ನೆನೆದು ಜಾರುತ್ತಿರುವಾಗ ಅದನ್ನು ಹತ್ತಬಲ್ಲೆವೇ ಎಂದು ಕೇಳಿಕೊಳ್ಳಬೇಕು. ಒಣಗಿರುವಾಗ ಹತ್ತಬಲ್ಲೆವೇ ಎಂಬುದು ಬೇರೆಯೇ ಪ್ರಶ್ನೆ, ಮತ್ತು ನನ್ನಲ್ಲಿಗೆ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಉತ್ತರಿಸಿಕೊಂಡಿರುವುದು ಆ ಬೇರೆಯ ಪ್ರಶ್ನೆಗೆ. ಕೆಲವರು ನಾನು ಹೇಳಿಕೊಟ್ಟಂತೆಯೇ ಕಾಲು ಭಾಗ ಇಳಿದು, ಲೋ ಗೇರಿನಲ್ಲಿ ರಿವರ್ಸ್ ಹತ್ತಿ ನೋಡಿ, ಹತ್ತಿತೆಂದು ಖುಷಿಯಾಗಿ ಕೆಳಗೆ ಹೋಗಿರುತ್ತಾರೆ. ಆ ಪರೀಕ್ಷೆ ಒಳ್ಳೆಯದೇ. ಆದರೆ ಅದು ಮಧ್ಯಾಹ್ನ ಎರಡು ಗಂಟೆಯ ಮಣ್ಣಿನ ಪರೀಕ್ಷೆ, ರಾತ್ರಿ ಎಂಟು ಗಂಟೆಯ ಮಣ್ಣಿನದಲ್ಲ.

ಲೆಕ್ಕ ಕಷ್ಟದ್ದೇನೂ ಅಲ್ಲ. ಗಟ್ಟಿಯಾದ ಒಣ ಮಣ್ಣಿನ ಮೇಲೆ ಟೈರುಗಳಿಗೆ ಸಿಗುವ ಹಿಡಿತ ಗಾಡಿಯ ಭಾರದ ಅರ್ಧಕ್ಕಿಂತ ಹೆಚ್ಚೇ ಇರುತ್ತದೆ. ನಮ್ಮ ಕೆಂಪು ಜಿಗುಟು ಮಣ್ಣಿನ ಮೇಲ್ಪದರ ನೆನೆದಾಗ ಆ ಹಿಡಿತ ಭಾರದ ಕಾಲು ಭಾಗಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಕ್ಕೆ ಕುಸಿಯುತ್ತದೆ. ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಏರುವ ದಾರಿಯನ್ನು, ಎಂದರೆ ಸುಮಾರು 14 ಡಿಗ್ರಿಯ ಏರನ್ನು, ಹತ್ತುವುದಕ್ಕೆ ಬೇಕಾಗುವುದೂ ಹೆಚ್ಚುಕಡಿಮೆ ಅದೇ ಕಾಲು ಭಾಗದ ಹಿಡಿತ. ಕಣ್ಣಿಗೆ ಏನೂ ಅಲ್ಲವೆಂದು ಕಾಣುವ ಆ ಏರು ಒಂದು ಮಳೆಯ ನಂತರ ನಿಮ್ಮ ಗಾಡಿಯ ಗಡಿಯಾಗಿಬಿಟ್ಟಿರುತ್ತದೆ. ಇಲ್ಲಿ ಎಂಜಿನ್ನಿನ ಶಕ್ತಿಗೆ ಯಾವ ಪಾತ್ರವೂ ಇಲ್ಲ. ಫೋರ್ ವೀಲ್ ಡ್ರೈವ್ ಹೊಸ ಹಿಡಿತವನ್ನು ಸೃಷ್ಟಿಸುವುದಿಲ್ಲ, ನಾಲ್ಕು ಚಕ್ರಗಳ ಕೆಳಗೆ ಇರುವ ಹಿಡಿತವನ್ನೆಲ್ಲ ಬಳಸಿಕೊಳ್ಳುತ್ತದೆ, ಅಷ್ಟೇ. ಇಲ್ಲದ್ದನ್ನು ಬಳಸಿಕೊಳ್ಳಲು ಅದಕ್ಕೂ ಆಗದು. ಇದನ್ನು ನಾನು ತರಬೇತಿಯಲ್ಲಿ ಮೂರು ಸಲ ಹೇಳುತ್ತೇನೆ, ಮೂರು ಸಲವೂ ಎಲ್ಲರೂ ತಲೆಯಾಡಿಸುತ್ತಾರೆ, ಊಟದ ಹೊತ್ತಿಗೆ ಯಾರಾದರೊಬ್ಬರು ಬಂದು "ಸರ್, ನನ್ನದು ಡೀಸೆಲ್, ಟಾರ್ಕ್ ಜಾಸ್ತಿ ಇದೆ" ಎನ್ನುತ್ತಾರೆ.

ಮಣ್ಣನ್ನು ಓದುವ ವಿದ್ಯೆಯನ್ನು ನನಗೆ ಕಲಿಸಿದವರು ತೋಟವೊಂದರ ಹಿರಿಯ ಜೀಪ್ ಚಾಲಕರು. ಅಪರಿಚಿತ ಇಳಿಜಾರಿನ ನೆತ್ತಿಯಲ್ಲಿ ಅವರು ಗಾಡಿ ನಿಲ್ಲಿಸಿ ಕೆಳಗಿಳಿದು, ಹಿಡಿ ಮಣ್ಣನ್ನು ಎತ್ತಿಕೊಂಡು, ಬಾಟಲಿಯಿಂದ ನಾಲ್ಕು ಹನಿ ನೀರು ಬಿಟ್ಟು, ಅಂಗೈಗಳ ನಡುವೆ ಹೊಸೆಯುತ್ತಿದ್ದರು. ಮಣ್ಣು ಪುಡಿಪುಡಿಯಾಗಿ ಉದುರಿದರೆ ಜೀಪ್ ಹತ್ತುತ್ತಿದ್ದರು. ಶ್ಯಾವಿಗೆಯ ಎಳೆಯಂತೆ ಉದ್ದಕ್ಕೆ ಬಂದರೆ ಕೈಯನ್ನು ಲುಂಗಿಗೆ ಒರೆಸಿಕೊಂಡು "ಇಲ್ಲೇ ಇರಲಿ ಬಿಡಿ" ಎಂದು ಗಾಡಿಯನ್ನು ಅಲ್ಲಿಯೇ ಬಿಟ್ಟು ನಡೆಯುತ್ತಿದ್ದರು. ಎಳೆ ಬರುವ ಮಣ್ಣಿನಲ್ಲಿ ಜೇಡಿ ಹೆಚ್ಚಿರುತ್ತದೆ, ಅದು ನೆನೆದರೆ ಟೈರಿನ ಗೀರುಗಳ ಒಳಗೆ ತುಂಬಿಕೊಂಡು ಚಕ್ರವನ್ನು ಹೆಂಟೆಯಾಗಿಸುತ್ತದೆ. ತೋಟದ ಹಳೆಯ ಜೀಪುಗಳಿಗೆ 6.00-16ರಂತಹ, ಎಂದರೆ ಸುಮಾರು ಆರು ಇಂಚು ಅಗಲದ, ಸಣಕಲು ಟೈರುಗಳಿರುವುದನ್ನು ಕಂಡು ನಗುವವರಿದ್ದಾರೆ. ಆ ಸಣಕಲು ಟೈರು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತದೆ, ಮಳೆಗಾಲದಲ್ಲಿ ಅದರ ಮೇಲೆ ಹಿಡಿತಕ್ಕೆಂದು ಸುತ್ತುವ ಚೈನ್ ಬೇರೆ ಬೀಳುತ್ತದೆ. ನಗುವವರ ಅಗಲವಾದ ಟೈರು ಕೆಸರಿನ ಮೇಲೆಯೇ ತೇಲುತ್ತದೆ.

ಎರಡು ವರ್ಷಗಳ ಹಿಂದೆ ಬೆಂಗಳೂರಿನ ಯುವಕರೊಬ್ಬರು ಹೀಗೆ ತೇಲಿದವರು. ಡಾಂಬರು ರಸ್ತೆಯಿಂದ ಬರೀ 900 ಮೀಟರ್ ಎಂದು ಫೋನಿನಲ್ಲಿ ಪದೇ ಪದೇ ಹೇಳುತ್ತಿದ್ದರು, ದೂರ ಕಡಿಮೆಯಿದ್ದರೆ ಜಾರುವುದೂ ಕಡಿಮೆ ಎಂಬಂತೆ. ನಾನು ಹೋಗುವಷ್ಟರಲ್ಲಿ ಅವರು ಆರು ಸಲ ಆಕ್ಸಿಲರೇಟರ್ ಪೂರ್ತಿ ಒತ್ತಿ ಪ್ರಯತ್ನಿಸಿ, ದಾರಿಯನ್ನು ಸಾರಿಸಿದ ನೆಲದಂತೆ ನುಣ್ಣಗೆ ಮಾಡಿಟ್ಟಿದ್ದರು. ಏಳನೆಯ ಸಲಕ್ಕೆ ಹಿಂಭಾಗ ಪಕ್ಕಕ್ಕೆ ತಿರುಗಿ ಗಾಡಿ ಕಾಫಿ ಗಿಡಗಳ ಮೇಲೆ ಒರಗಿತ್ತು. ಹಗ್ಗ ಸುತ್ತಿಕೊಂಡು ಗಾಡಿಯನ್ನು ಎಳೆಯುವ ವಿಂಚ್ ಇತ್ತು, ಆದರೆ ಅದನ್ನು ಕಟ್ಟಿದ್ದು ತೊಡೆಗಾತ್ರದ ಸಿಲ್ವರ್ ಓಕ್ ಮರಕ್ಕೆ. ನೆನೆದ ಮಣ್ಣಿನಲ್ಲಿ ಮರವೇ ಇವರ ಕಡೆಗೆ ವಾಲಿತ್ತು. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರು ಚೀಟಿ ಹಿಡಿದು ಮುರಿದ ಅರೇಬಿಕಾ ಗಿಡಗಳನ್ನು ಎಣಿಸುತ್ತಿದ್ದರು. ಹನ್ನೊಂದು. ಯುವಕರ ಮುಖ ನೋಡಿ ಬೈಯುವುದಕ್ಕೆ ನನಗೆ ಮನಸ್ಸು ಬರಲಿಲ್ಲ; ತೋಟದ ಕಾರ್ಮಿಕರ ಲೈನ್ ಮನೆಯವರೊಬ್ಬರು ಕೊಟ್ಟ ಕರಿ ಕಾಫಿಯನ್ನು ಇಬ್ಬರೂ ಕುಡಿದು, ಮಧ್ಯಾಹ್ನದವರೆಗೆ ಬಿಸಿಲಿಗೆ ಕಾದು, ನೆತ್ತಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಹಗ್ಗ ಬಿಟ್ಟು ಎಳೆಸಿದೆವು.

ಹಾಗಾದರೆ ಇಳಿಯಲೇಬಾರದೇ ಎಂದು ಕೇಳುವವರಿಗೆ ನನ್ನ ಉತ್ತರ ಸ್ವಲ್ಪ ಎಚ್ಚರಿಕೆಯದು, ಏಕೆಂದರೆ ಪ್ರತಿ ದಾರಿಯೂ ಬೇರೆ ಮತ್ತು ನಾನು ನೋಡದ ದಾರಿಗೆ ನಾನು ಭರವಸೆ ಕೊಡಲಾರೆ. ಕಲ್ಲು ಹಾಸಿದ ಅಥವಾ ಒರಟೊರಟಾಗಿ ಜಲ್ಲಿ ಎದ್ದಿರುವ ದಾರಿ ಮಳೆಯಲ್ಲಿಯೂ ಹೆಚ್ಚು ಕೆಡುವುದಿಲ್ಲ. ಬೋಳು ಕೆಂಪು ಮಣ್ಣಿನ ದಾರಿಯಾದರೆ, ಕೋನ ಅಳೆಯುವ ಆ್ಯಪ್ ತೆರೆದು ಫೋನನ್ನು ದಾರಿಯ ನೆಲಕ್ಕೆ ಆನಿಸಿ ನೋಡಿ, ಅತಿ ಕಡಿದಾದ ಜಾಗದಲ್ಲಿ 10 ಡಿಗ್ರಿ ದಾಟಿದರೆ ಒಂಟಿಯಾಗಿ ನಾನು ಇಳಿಯುವುದಿಲ್ಲ. ಇದು ನಾನು ನನಗೆ ಹಾಕಿಕೊಂಡ ಮಿತಿ, ಶಾಸ್ತ್ರವಲ್ಲ. ನೂರು ಮೀಟರ್ ಉದ್ದದ ದಾರಿಯಲ್ಲಿ ಐದು ಮೀಟರ್ ಮಾತ್ರ ಕಡಿದಾಗಿದ್ದರೂ ಲೆಕ್ಕಕ್ಕೆ ಬರುವುದು ಆ ಐದು ಮೀಟರೇ, ಅದರಲ್ಲೂ ಅದು ತಿರುವಿನಲ್ಲಿದ್ದರೆ ಓಟದ ವೇಗದ ಆಸರೆಯೂ ಸಿಗುವುದಿಲ್ಲ. ಟೈರಿನ ಗಾಳಿಯನ್ನು ಇಪ್ಪತ್ತು ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಸಹಾಯವಾಗುವುದುಂಟು, ಆದರೆ ಜೇಡಿ ತುಂಬಿಕೊಂಡ ಟೈರಿಗೆ ಅದರಿಂದ ದೊಡ್ಡ ಉಪಕಾರವೇನೂ ಆಗದು.

ಬಹಳ ಸಲ ಸರಿಯಾದ ಪರಿಹಾರ ಗಾಡಿ ಮಾರಿದವರಿಗೆ ಬೇಸರ ತರಿಸುವಂಥದ್ದು: ಗಾಡಿಯನ್ನು ನೆತ್ತಿಯಲ್ಲಿ, ಮೂತಿ ಹೊರಡುವ ದಿಕ್ಕಿಗಿರುವಂತೆ ನಿಲ್ಲಿಸಿ, ಟೆಂಟನ್ನು ಹೆಗಲಿಗೇರಿಸಿಕೊಂಡು ಇಳಿಯುವುದು. ಕೆಳಗೆ ಹೋದ ಮೇಲೂ ಹಳ್ಳದ ಅಂಚನ್ನು ಬಿಟ್ಟು ಮೇಲಿರುವುದು ಒಳಿತು; ಇಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆಯಾಗಿರಬಹುದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಉಣುಗುಗಳಿಂದ ಹರಡುವ ಮಂಗನ ಕಾಯಿಲೆಯ ಕಾಲವಾದ್ದರಿಂದ ಒಣ ತರಗೆಲೆಯ ಮೇಲೆ ಬರಿಗಾಲಿನಲ್ಲಿ ಕೂರಬಾರದು, ರಾತ್ರಿ ಮಲಗುವ ಮುನ್ನ ಮೈಮೇಲೆ ಉಣುಗುಗಳಿವೆಯೇ ಎಂದು ನೋಡಿಕೊಳ್ಳಬೇಕು. ಆನೆಗಳ ಓಡಾಟದ ಬಗ್ಗೆ ರೈಟರನ್ನೇ ಕೇಳಿ, ಅವರು ಬೇಡವೆಂದ ಜಾಗದಲ್ಲಿ ಟೆಂಟ್ ಹಾಕಬೇಡಿ.

ಇಷ್ಟೆಲ್ಲ ಆದ ಮೇಲೂ ಕೆಳಗೆ ಸಿಕ್ಕಿಕೊಂಡರೆ ಮಾಡಬೇಕಾದ ಕೆಲಸ ಬಲು ಸುಲಭ, ಮತ್ತು ಯಾರೂ ಮಾಡದಿರುವ ಕೆಲಸವೂ ಅದೇ. ಕಾಯಬೇಕು. ಬಿಸಿಲು ಬೀಳುವ ಇಳಿಜಾರು ಅರ್ಧ ದಿನದಲ್ಲಿ ಒಣಗಬಹುದು, ಮರಗಳ ದಟ್ಟ ನೆರಳಿನಲ್ಲಿರುವುದಕ್ಕೆ ಎರಡು ದಿನ ಹಿಡಿಯಬಹುದು, ನಡುವೆ ಮತ್ತೊಂದು ಮಳೆ ಬಿದ್ದರೆ ಲೆಕ್ಕ ಮತ್ತೆ ಮೊದಲಿನಿಂದ. ಮೊದಲ ಪ್ರಯತ್ನದಲ್ಲಿ ಹತ್ತದ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿದರೆ ದಾರಿ ಕೆಡುವುದಿಲ್ಲ, ಗಿಡಗಳೂ ಉಳಿಯುತ್ತವೆ. ಜನ ಕಾಯದಿರುವುದು ದಡ್ಡತನದಿಂದಲ್ಲವೆಂಬುದು ನನಗೆ ಗೊತ್ತು; ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅವರಿಗೆ ಮೀಟಿಂಗ್ ಇರುತ್ತದೆ, ಮನೆಯಲ್ಲಿ ಭಾನುವಾರ ರಾತ್ರಿ ಬರುತ್ತೇನೆಂದು ಹೇಳಿರುತ್ತಾರೆ, ಊಟದ ಸಾಮಾನು ಅಷ್ಟಕ್ಕೇ ಲೆಕ್ಕವಾಗಿರುತ್ತದೆ. ಆದ್ದರಿಂದ ಒಬ್ಬರೇ ಬರುವವರು ಮೊದಲು ಕರೆ ಮಾಡಿದಾಗ ನಾನು ಗಾಡಿ ಯಾವುದೆಂದು ಕೇಳುವುದಿಲ್ಲ, ಮಂಗಳವಾರದವರೆಗೆ ರಜೆ ಇದೆಯೇ ಎಂದು ಕೇಳುತ್ತೇನೆ.