ಹವಳದ ತೊಟ್ಟಿಗೆ ಎಲ್‌ಇಡಿ: ಡಬ್ಬದ ಮೇಲಿನ ಅಂಕಿ ಬಿಟ್ಟು ಏನು ನೋಡಬೇಕು?

ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಜೀವಂತ ಹವಳ ಸಾಕುವವರು ಕೊಳ್ಳುವ ರೀಫ್ ಲೈಟಿನ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಕಾಣುವುದು ಎರಡು ಅಂಕಿ, ವ್ಯಾಟ್ ಮತ್ತು ಕೆಲ್ವಿನ್. ಎರಡೂ ಹವಳದ ಪ್ರಶ್ನೆಗೆ ಉತ್ತರವಲ್ಲ. ಲೈಟು ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದನ್ನು ವ್ಯಾಟ್ ಹೇಳುತ್ತದೆ. ಬೆಳಕು ನಮ್ಮ ಕಣ್ಣಿಗೆ ಎಷ್ಟು ನೀಲಿಯಾಗಿ ಕಾಣುತ್ತದೆ ಎಂಬುದನ್ನು ಕೆಲ್ವಿನ್ ಹೇಳುತ್ತದೆ. ನಮಗೆ ಬೇಕಾದದ್ದು ಬೇರೆ: ಹವಳ ಕೂತಿರುವ ಆ ಜಾಗಕ್ಕೆ ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕು ಎಷ್ಟು ಬೀಳುತ್ತಿದೆ? ಆ ಲೆಕ್ಕಕ್ಕೆ ಪಾರ್ ಎನ್ನುತ್ತಾರೆ. 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳು ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಬೀಳುತ್ತವೆ ಎಂಬ ಎಣಿಕೆ ಅದು. ಉಳಿದದ್ದೆಲ್ಲ ಇದಾದ ಮೇಲೆ.

ನೀಲಿ ಯಾಕೆ?

ಹವಳ ಪ್ರಾಣಿಯೇ ಆದರೂ ಅದರ ಊಟದ ದೊಡ್ಡ ಪಾಲು ಬರುವುದು ಅಂಗಾಂಶದೊಳಗೆ ಮನೆ ಮಾಡಿಕೊಂಡಿರುವ ಝೂಕ್ಸಾಂಥೆಲೆ ಎಂಬ ಏಕಕೋಶ ಪಾಚಿಯಿಂದ. ಈ ಪಾಚಿಯಲ್ಲಿ ಕ್ಲೋರೋಫಿಲ್ ಎ, ಕ್ಲೋರೋಫಿಲ್ ಸಿ2, ಪೆರಿಡಿನಿನ್ ಎಂಬ ವರ್ಣದ್ರವ್ಯಗಳಿವೆ. ಇವು ಮುಖ್ಯವಾಗಿ ಹೀರುವುದು ನೇರಳೆಯಿಂದ ನೀಲಿ-ಹಸಿರಿನವರೆಗಿನ ಬೆಳಕನ್ನು. ಸಮುದ್ರದಲ್ಲಿ ಕೆಂಪು ಬೆಳಕು ಮೊದಲ ಕೆಲವು ಮೀಟರುಗಳಲ್ಲೇ ಕರಗಿಹೋಗುತ್ತದೆ, ನೀಲಿ ಮಾತ್ರ ಆಳಕ್ಕೆ ಇಳಿಯುತ್ತದೆ. ಪಾಚಿ ಅದಕ್ಕೆ ಹೊಂದಿಕೊಂಡಿದೆ. ಆದ್ದರಿಂದ 450 ನ್ಯಾನೋಮೀಟರಿನ ಆಸುಪಾಸಿನ ರಾಯಲ್ ಬ್ಲೂ ಚಾನೆಲ್ (ಬೇರೆಯಾಗಿ ಏರಿಳಿಸಬಹುದಾದ ಒಂದೇ ಬಣ್ಣದ ಎಲ್‌ಇಡಿಗಳ ಗುಂಪು) ಗಟ್ಟಿಯಾಗಿರುವ ಲೈಟನ್ನೇ ನೋಡಿ. ಬಿಳಿ ಚಾನೆಲ್ ಸ್ವಲ್ಪ ಇದ್ದರೆ ನಮ್ಮ ಕಣ್ಣಿಗೂ ಹಿತ. ಕೆಂಪು, ಹಸಿರು ಬಿಡಿ ಎಲ್‌ಇಡಿಗಳಿಗಾಗಿ ಹೆಚ್ಚು ದುಡ್ಡು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಈ ನೀಲಿ ಎಲ್‌ಇಡಿ ಸುಮ್ಮನೆ ಬಂದದ್ದಲ್ಲ. ಅದನ್ನು ಸಾಧ್ಯವಾಗಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಂದಿತು. ನೀಲಿ ಎಲ್‌ಇಡಿ ಬರುವ ಮುಂಚೆ ಹವಳದ ತೊಟ್ಟಿಯ ಮೇಲೆ ಬಿಸಿ ಉಗುಳುವ ಮೆಟಲ್ ಹ್ಯಾಲೈಡ್ ದೀಪಗಳು ಉರಿಯುತ್ತಿದ್ದವು.

ಇಲ್ಲೊಂದು ಎಚ್ಚರಿಕೆ. ನೀಲಿ ಬೆಳಕಿನಡಿ ಹವಳ ಹಸಿರಾಗಿ, ಕಿತ್ತಳೆಯಾಗಿ ಹೊಳೆದರೆ ಅದು ಆರೋಗ್ಯದ ಗುರುತೇನಲ್ಲ. ಹವಳದಲ್ಲಿರುವ ಪ್ರೋಟೀನುಗಳು ನೀಲಿಯನ್ನು ಹೀರಿ ಬೇರೆ ಬಣ್ಣ ಉಗುಳುತ್ತವೆ, ಅಷ್ಟೇ. ಜೀವಕೋಶ ಸಂಶೋಧನೆಯಲ್ಲಿ ಬಳಸುವ ಪ್ರಸಿದ್ಧ ಕೆಂಪು ಪ್ರೋಟೀನು ಸಿಕ್ಕಿದ್ದು ಡಿಸ್ಕೋಸೋಮಾದಿಂದ, ಅಂದರೆ ನಾವು ಮಶ್ರೂಮ್ ಎಂದು ಸಾಕುವ, ಹವಳದ ಸಂಬಂಧಿಯಾದ ಜೀವಿಯಿಂದ! ಅಂಗಡಿಯವರು ಪೂರ್ತಿ ನೀಲಿ ಹಾಕಿ ತೋರಿಸಿದರೆ, ಬಿಳಿ ಹಾಕಿಸಿ ಇನ್ನೊಮ್ಮೆ ನೋಡಿ.

ಯಾವ ಹವಳಕ್ಕೆ ಎಷ್ಟು?

ಹವ್ಯಾಸಿಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಲೆಕ್ಕ ಹೀಗಿದೆ. ಮಶ್ರೂಮ್ ಮತ್ತು ಬಹುತೇಕ ಸಾಫ್ಟ್ ಕೋರಲ್‌ಗಳಿಗೆ (ಕಲ್ಲಿನಂಥ ಗೂಡಿಲ್ಲದ ಮೆದು ಹವಳಗಳು) 50ರಿಂದ 100 ಪಾರ್, ಯೂಫಿಲಿಯಾದಂಥ ಎಲ್‌ಪಿಎಸ್‌ಗಳಿಗೆ (ದೊಡ್ಡ ಪಾಲಿಪ್‌ನ ಕಲ್ಲುಹವಳಗಳು) 75ರಿಂದ 150, ಅಕ್ರೊಪೋರಾದಂಥ ಎಸ್‌ಪಿಎಸ್‌ಗಳಿಗೆ (ಚಿಕ್ಕ ಪಾಲಿಪ್‌ನ ಕಲ್ಲುಹವಳಗಳು) 200ರಿಂದ 350. ಮೊದಲು ಹವಳ ಯಾವುದೆಂದು ತೀರ್ಮಾನಿಸಿ, ಆಮೇಲೆ ಲೈಟಿಗೆ ಹೋಗಿ. ಬರೀ ಸಾಫ್ಟ್ ಕೋರಲ್ ಸಾಕುವವರು ಎಸ್‌ಪಿಎಸ್ ಲೈಟು ತಂದು ಕಾಲು ಭಾಗ ಸಾಮರ್ಥ್ಯದಲ್ಲಿ ಉರಿಸುವುದು ದುಡ್ಡಿನ ದಂಡ.

ಹವಳ ಎಲ್ಲಿಂದ ಬಂತು ಎಂಬುದೂ ಮುಖ್ಯ. ನಮ್ಮಲ್ಲಿ ಕಲ್ಲುಹವಳಗಳು, ಕಪ್ಪು ಹವಳ, ಗೋರ್ಗೋನಿಯನ್‌ಗಳು (ಬೀಸಣಿಗೆಯಂಥ ಹವಳಗಳು) 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋದವರು ಅಲ್ಲಿನ ಹವಳದ ಒಂದು ಚೂರು ಕಿತ್ತು ತಂದರೂ ಅಪರಾಧ. ಕೊಳ್ಳುವಾಗ ಮೂಲ ಯಾವುದು, ಕಾಗದಪತ್ರ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಅಳತೆ

ಫೋನಿನ ಲಕ್ಸ್ ಆಪ್ ಇಲ್ಲಿ ದಾರಿ ತಪ್ಪಿಸುತ್ತದೆ. ಲಕ್ಸ್ ನಮ್ಮ ಕಣ್ಣಿನ ಅಳತೆಗೋಲು. ಆ ಕಣ್ಣು 555 ನ್ಯಾನೋಮೀಟರಿನ ಹಸಿರಿಗೆ ಅತ್ಯಂತ ಸೂಕ್ಷ್ಮ, 450ರ ನೀಲಿಗೆ ಅದರ ಸುಮಾರು ನೂರರಲ್ಲಿ ನಾಲ್ಕು ಪಾಲು ಮಾತ್ರ. ಹಾಗಾಗಿ ಹವಳಕ್ಕೆ ಭರಪೂರ ಬೆಳಕಿದ್ದರೂ ಲಕ್ಸ್ ಅಂಕಿ ಬಡವಾಗಿ ಕಾಣುತ್ತದೆ. ಪಾರ್ ಮೀಟರೇ ಬೇಕು. ಬೆಲೆ ಹೆಚ್ಚು, ದಿನವೂ ಬೇಕಾಗುವುದಿಲ್ಲ. ನಾಲ್ಕೈದು ಜನ ಸೇರಿ ಒಂದನ್ನು ಕೊಂಡು ಹಂಚಿಕೊಳ್ಳಬಹುದು. ಹಳೆಯ ಮಾದರಿಯ ಸೆನ್ಸರುಗಳು ನೀಲಿಯನ್ನು ಕಡಿಮೆ ತೋರಿಸುತ್ತವೆ, ಎಲ್‌ಇಡಿಗೆ ಹೊಂದುವ ಫುಲ್ ಸ್ಪೆಕ್ಟ್ರಮ್ ಸೆನ್ಸರನ್ನೇ ಹುಡುಕಿ. ನೀರೊಳಗೆ ಅಳೆದಾಗ ಕೈಪಿಡಿಯಲ್ಲಿ ಕೊಟ್ಟಿರುವ ತಿದ್ದುಪಡಿ ಗುಣಕದಿಂದ ಗುಣಿಸಬೇಕೇ ಎಂದು ನೋಡಿ. ಕೆಲವು ಮೀಟರುಗಳಲ್ಲಿ ಆ ತಿದ್ದುಪಡಿ ಮೊದಲೇ ಸೇರಿರುತ್ತದೆ.

60 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ತೊಟ್ಟಿ ಎಂದುಕೊಳ್ಳಿ. ಈ ಆಳದಲ್ಲಿ ನೀರು ಹೀರುವ ಬೆಳಕು ಅತ್ಯಲ್ಪ. ಕೆಳಗೆ ಹೋದಂತೆ ಪಾರ್ ಇಳಿಯುವುದು ಮುಖ್ಯವಾಗಿ ಬೆಳಕು ಹರಡಿಕೊಳ್ಳುವುದರಿಂದ. ಮೇಲೆ, ನಡುವೆ, ಮರಳಿನ ಮೇಲೆ, ಪ್ರತಿ ಮಟ್ಟದಲ್ಲೂ ನಡುಮಧ್ಯ ಮತ್ತು ನಾಲ್ಕು ಮೂಲೆಯಲ್ಲಿ ಅಳೆದು ಹಾಳೆಯ ಮೇಲೆ ಬರೆದುಕೊಳ್ಳಿ. ನಡುವೆ 300, ಮೂಲೆಯಲ್ಲಿ 50 ಬಂದರೆ ಆ ಲೈಟು ಚಿಕ್ಕ ಜಾಗವನ್ನು ಸುಟ್ಟು ಉಳಿದದ್ದನ್ನು ಕತ್ತಲೆಯಲ್ಲಿಟ್ಟಿದೆ. ಅಗಲ ಕೋನದ ಲೆನ್ಸ್, ಇಲ್ಲವೇ ಲೈಟನ್ನು ಇನ್ನಷ್ಟು ಮೇಲೇರಿಸುವುದು ಪರಿಹಾರ. ಕವಲೊಡೆಯುವ ಹವಳಗಳಲ್ಲಿ ಒಂದೇ ಬಿಂದುವಿನಿಂದ ಬೀಳುವ ಬೆಳಕು ಕೆಳಗಿನ ರೆಂಬೆಗಳನ್ನು ನೆರಳಿಗೆ ತಳ್ಳುತ್ತದೆ. ಒಂದು ದೊಡ್ಡ ಲೈಟಿಗಿಂತ ಎರಡು ಚಿಕ್ಕವು ಮೇಲು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಎಷ್ಟು ಹೊತ್ತು?

ದಿನಕ್ಕೆ ಚದರ ಮೀಟರಿಗೆ ಬಿದ್ದ ಒಟ್ಟು ಬೆಳಕು ಪಾರ್, ಗಂಟೆ ಮತ್ತು 3600ರ ಗುಣಲಬ್ಧ; ಉತ್ತರ ಮೈಕ್ರೋಮೋಲ್‌ನಲ್ಲಿ, ಹತ್ತು ಲಕ್ಷದಿಂದ ಭಾಗಿಸಿದರೆ ಮೋಲ್. 150 ಪಾರ್ 8 ಗಂಟೆ ಉರಿದರೆ 4.32 ಮೋಲ್. 100 ಪಾರ್ 12 ಗಂಟೆ ಉರಿದರೂ ಅಷ್ಟೇ, 600 ಪಾರ್ 2 ಗಂಟೆ ಉರಿದರೂ ಅಷ್ಟೇ. ಆದರೆ ಮೂರನೆಯದು ಹವಳಕ್ಕೆ ಅಪಾಯ. ಒಂದು ಮಿತಿ ದಾಟಿದ ಮೇಲೆ ಪಾಚಿಗೆ ಬೆಳಕನ್ನು ಬಳಸಲಾಗುವುದಿಲ್ಲ, ಬಳಕೆಯಾಗದ ಶಕ್ತಿ ಅದರ ದ್ಯುತಿಸಂಶ್ಲೇಷಣೆಯ ಯಂತ್ರವನ್ನೇ ಹಾಳುಮಾಡುತ್ತದೆ. ಒಟ್ಟು ಲೆಕ್ಕ ಸರಿಬಂದರೆ ಸಾಲದು, ಗರಿಷ್ಠ ಮಟ್ಟವೂ ಮಿತಿಯಲ್ಲಿರಬೇಕು. ಖರ್ಚಿನ ಮಾತು ಒಂದೇ ಸಾಲಿನದು: 100 ವ್ಯಾಟ್ ಲೈಟು 10 ಗಂಟೆ ಪೂರ್ತಿ ಉರಿದರೆ ಒಂದು ಯೂನಿಟ್.

ಹೊಸ ಲೈಟು ಬಂದ ದಿನ, ಹಳೆಯ ಲೈಟಿನಡಿ ಹವಳಕ್ಕೆ ಎಷ್ಟು ಪಾರ್ ಸಿಗುತ್ತಿತ್ತೋ ಅಷ್ಟಕ್ಕೇ ಇಳಿಸಿ ಶುರುಮಾಡಿ, ಹಲವು ವಾರಗಳಲ್ಲಿ ಮೆಲ್ಲಗೆ ಏರಿಸಿ. ಬಣ್ಣ ಬಿಳಚಿಕೊಂಡರೆ ಬೆಳಕು ಹೆಚ್ಚಾಗಿರಬಹುದು, ಕಂದು ತಿರುಗಿದರೆ ಕಡಿಮೆಯಾಗಿರಬಹುದು. ಆದರೆ ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಇಳಿದಾಗಲೂ ಬಿಳಚುತ್ತದೆ, ಏರಿದಾಗಲೂ ಕಂದಾಗುತ್ತದೆ. ಹಾಗಾಗಿ ಡಿಮ್ಮರಿಗೆ ಕೈ ಹಾಕುವ ಮುನ್ನ ನೀರಿನ ಪರೀಕ್ಷೆ ಮಾಡಿ. ಬದಲಾವಣೆ ಮಾಡಲೇಬೇಕಾದರೆ ಹವಳದ ಜಾಗವನ್ನೋ ಬೆಳಕಿನ ಮಟ್ಟವನ್ನೋ ಒಂದನ್ನು ಮಾತ್ರ ಬದಲಿಸಿ, ಎರಡು ವಾರ ಕಾದು ನೋಡಿ.